ಬ್ಯಾರೇಜ್ ಸಿದ್ದು ಮುಂದೆ ಸೋತ ಹೆಗಡೆ

ಬಾಗಲಕೋಟೆ ಸೀಮೆಯಲ್ಲಿ ಸಿದ್ದು ಅಂದರೆ ಯಾವ ಸಿದ್ದು ಎಂದು ಕೇಳಬೇಕಾಗುತ್ತದೆ. 2018ರಲ್ಲಿ ಬಾದಾಮಿಯಿಂದ ಗೆದ್ದ ಸಿದ್ದರಾಮಯ್ಯನವರೂ ಸಿದ್ದುವೇ. ಬ್ಯಾರೇಜ್ ಸಿದ್ದು ಅಂದರೆ ಮಾತ್ರ ಮರುಪ್ರಶ್ನೆ ಇಲ್ಲ: ಜಮಖಂಡಿಯ ಸಿದ್ದು ನ್ಯಾಮಗೌಡ. 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ಕಾಂಗ್ರೆಸ್ ಅಭ್ಯರ್ಥಿಯಾಗಿ ನಿಂತು, ಜನತಾ ದಳದ ರಾಮಕೃಷ್ಣ ಹೆಗಡೆಯವರನ್ನು ಮಣಿಸಿದ್ದು ಇವರು.

ಸಿದ್ದಾಪುರದ ದೊಡ್ಮನೆಯ ಹೆಗಡೆ ಇಲ್ಲಿಗೇಕೆ ಬಂದರು? 1983ರಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿ. 1985ರಲ್ಲಿ 224ಕ್ಕೆ 139 ಸ್ಥಾನ. ಮುಂದಿನ ಪ್ರಧಾನಿ ಎಂಬ ಮಾತು ದಿಲ್ಲಿಯವರೆಗೂ ಹೋಗಿತ್ತು. ಸಾರಾಯಿ ಬಾಟ್ಲಿಂಗ್ ಪ್ರಕರಣದಲ್ಲಿ 1986ರಲ್ಲಿ ಕೊಟ್ಟ ರಾಜೀನಾಮೆಯನ್ನು ಹಿಂಪಡೆದರು. 1988ರ ಆಗಸ್ಟಿನಲ್ಲಿ ಟೆಲಿಫೋನ್ ಕದ್ದಾಲಿಕೆ ಕೊರಳಿಗೆ ಸುತ್ತಿಕೊಂಡಾಗ ಹಿಂಪಡೆಯುವ ದಾರಿ ಉಳಿದಿರಲಿಲ್ಲ. 1990ರಲ್ಲಿ ರಾಜೀವ್ ಗಾಂಧಿ ತಮ್ಮ ಸಮುದಾಯದ ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನು ಇಳಿಸಿದ ರೀತಿಗೆ ಲಿಂಗಾಯತರು ಕಾಂಗ್ರೆಸ್ಸಿನ ಮೇಲೆ ಕುದಿಯುತ್ತಿದ್ದರು. ಬಾದಾಮಿ, ಹುನಗುಂದ, ಇಳಕಲ್ಲುಗಳ ಕ್ಷೇತ್ರ ಹೆಗಡೆಗೆ ಹೂ ಎತ್ತಿದಷ್ಟು ಸಲೀಸಾಗಬೇಕಿತ್ತು.

ಆದರೆ ಈ ಸೀಮೆಯ ಚಿಂತೆ ಬೇರೆಯದಿತ್ತು. ಬೇಸಿಗೆ ಬಂದರೆ ಕೃಷ್ಣೆ ಬತ್ತುತ್ತಿದ್ದಳು. ದಂಡೆಯಲ್ಲೇ ಹೊಲ, ಹೊಲದಲ್ಲಿ ಪಂಪ್‌ಸೆಟ್ಟು, ಎತ್ತಲು ನೀರಿಲ್ಲ. ಸರ್ಕಾರದ ದಾರಿ ಕಾದು ಸಾಕಾದವರು ಕೃಷ್ಣಾ ತೀರ ರೈತ ಸಂಘ ಕಟ್ಟಿಕೊಂಡು, ತಾವೇ ಪಟ್ಟಿ ಹಾಕಿ, ತಾವೇ ಬುಟ್ಟಿ ಹೊತ್ತು, 1989ರಲ್ಲಿ ಚಿಕ್ಕಪಡಸಲಗಿಯ ಹತ್ತಿರ ನದಿಗೆ ಅಡ್ಡಲಾಗಿ ಬ್ಯಾರೇಜ್ ಕಟ್ಟಿ ನಿಲ್ಲಿಸಿದರು. ಶ್ರಮಬಿಂದು ಸಾಗರ ಎಂದು ಹೆಸರಿಟ್ಟರು. ಮುಂದೆ ನಿಂತವರು ನ್ಯಾಮಗೌಡರು. ಜನ ನೀರಿಗೆ ಬಾಯಿ ಬಿಟ್ಟಿದ್ದ ಆ ದಶಕದಲ್ಲಿ ಐದೂವರೆ ವರ್ಷ ವಿಧಾನಸೌಧದಲ್ಲಿ ಕೂತಿದ್ದವರು ಹೆಗಡೆ. ಮತ ಕೇಳಲು ಬಂದಾಗ ಎದುರಿಗಿದ್ದದ್ದು ನೀರು ನಿಲ್ಲಿಸಿದ ಮನುಷ್ಯ.

ಎಲ್ಲ ಬ್ಯಾರೇಜಿನದೇ ಮಹಿಮೆ ಅಂದರೆ ಅತಿಯಾದೀತು. ಆ ಸಲ ರಾಜ್ಯದ 28ರಲ್ಲಿ ಕಾಂಗ್ರೆಸ್ 23 ಗೆದ್ದಿತು; ಜನತಾ ದಳಕ್ಕೆ ಒಂದೂ ದಕ್ಕಲಿಲ್ಲ. ಆದರೂ ಗಾಳಿಗೆ ಬಿದ್ದ ಮರಗಳಲ್ಲಿ ಹೆಗಡೆಯಷ್ಟು ದೊಡ್ಡ ಮರ ಇನ್ನೊಂದಿರಲಿಲ್ಲ. ಬ್ಯಾರೇಜ್ ಸಿದ್ದು ನರಸಿಂಹ ರಾವ್ ಸರ್ಕಾರದಲ್ಲಿ ಕಲ್ಲಿದ್ದಲು ಖಾತೆಯ ಉಪ ಸಚಿವರಾದರು.

1996ರಲ್ಲಿ ಜನತಾ ದಳ ಹೆಗಡೆಯವರನ್ನು ಉಚ್ಚಾಟಿಸಿತು. ಅವರು ಲೋಕಶಕ್ತಿ ಪಕ್ಷ ಕಟ್ಟಿದರು. 1998ರಲ್ಲಿ ಬಾಗಲಕೋಟೆ ಅದೇ ಲೋಕಶಕ್ತಿಯ ಅಜಯಕುಮಾರ ಸರನಾಯಕರನ್ನು ಲೋಕಸಭೆಗೆ ಕಳಿಸಿತು. ಹೆಗಡೆ ವಾಜಪೇಯಿ ಸಂಪುಟದಲ್ಲಿ ವಾಣಿಜ್ಯ ಸಚಿವರಾದರು, ರಾಜ್ಯಸಭೆಯ ಬಾಗಿಲಿಂದ.