ಮೊಂಡು ನರಹುಲಿಗೆ ಲೇಸರ್: ಯಾರಿಗೆ, ಯಾವಾಗ?

ಬೆರಳಿನ ಮೇಲೆ ಕಾಳುಮೆಣಸಿನ ಗಾತ್ರದ ಒರಟು ಗಂಟು, ಅಂಗಾಲಿನಲ್ಲಿ ಹೆಜ್ಜೆಯಿಟ್ಟಾಗಲೆಲ್ಲ ಚುಚ್ಚುವ ಗಡಸು ಚರ್ಮ, ಗಡ್ಡ ಬೋಳಿಸುವ ಜಾಗದಲ್ಲಿ ಸಾಲಾಗಿ ಏಳುವ ಸಣ್ಣ ಗುಳ್ಳೆಗಳು. ಇವೆಲ್ಲ ನರಹುಲಿಯ ಬೇರೆ ಬೇರೆ ರೂಪಗಳು. ಹೆಸರಿನಲ್ಲಿ ‘ನರ’ ಇದ್ದರೂ ಇದಕ್ಕೂ ನರಗಳಿಗೂ ಸಂಬಂಧವಿಲ್ಲ. ಇದು ಚರ್ಮದ ಮೇಲ್ಪದರಕ್ಕೆ ತಗಲುವ ವೈರಸ್ ಸೋಂಕು.

ಇದಕ್ಕೆ ಕಾರಣವಾದ ಹ್ಯೂಮನ್ ಪ್ಯಾಪಿಲೋಮಾ ವೈರಸ್‌ನಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಕೈಕಾಲುಗಳಲ್ಲಿ ಸಾಮಾನ್ಯವಾಗಿ ನರಹುಲಿ ಉಂಟುಮಾಡುವ ಬಗೆಗಳೇ ಬೇರೆ, ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾಗುವ ಬಗೆಗಳೇ ಬೇರೆ. ಆದ್ದರಿಂದ ಮಗುವಿನ ಬೆರಳಿನಲ್ಲಿ ನರಹುಲಿ ಎದ್ದಿತೆಂದು ಗಾಬರಿಪಡಬೇಕಿಲ್ಲ. ಗೀರು, ಗಾಯ ಅಥವಾ ನೀರಿನಲ್ಲಿ ನೆನೆದು ಮೆತ್ತಗಾದ ಚರ್ಮದ ಮೂಲಕ ವೈರಸ್ ಒಳಸೇರುತ್ತದೆ. ಉಗುರು ಕಚ್ಚುವುದು, ನರಹುಲಿಯನ್ನು ಕೆರೆಯುವುದು, ಒಂದೇ ಟವೆಲನ್ನು ಮನೆಮಂದಿಯೆಲ್ಲ ಬಳಸುವುದು ಇದು ಹರಡಲು ದಾರಿ ಮಾಡಿಕೊಡುತ್ತವೆ.

ಮೊದಲು ತಾಳ್ಮೆ

ಮಕ್ಕಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನರಹುಲಿಗಳು ಎರಡು ವರ್ಷಗಳೊಳಗೆ ಯಾವ ಚಿಕಿತ್ಸೆಯೂ ಇಲ್ಲದೆ ಮಾಯವಾಗುತ್ತವೆ. ದೇಹದ ರೋಗನಿರೋಧಕ ಶಕ್ತಿ ವೈರಸ್ಸನ್ನು ಗುರುತಿಸಿದರೆ ಸಾಕು, ಕೆಲಸ ಮುಗಿಯಿತು. ನೋವಿದ್ದರೆ, ಹರಡುತ್ತಿದ್ದರೆ ಅಥವಾ ನೋಡಲು ಮುಜುಗರವಾಗುತ್ತಿದ್ದರೆ ಚಿಕಿತ್ಸೆ ಬೇಕು.

ಮೊದಲ ಚಿಕಿತ್ಸೆ ಸ್ಯಾಲಿಸಿಲಿಕ್ ಆಮ್ಲದ ಲೇಪ. ಜಾಗವನ್ನು ಬಿಸಿನೀರಿನಲ್ಲಿ ನೆನೆಸಿ, ಸತ್ತ ಚರ್ಮವನ್ನು ಹಗುರವಾಗಿ ಉಜ್ಜಿ ತೆಗೆದು, ದಿನಾ ಹಚ್ಚಬೇಕು. ಇದಕ್ಕೆ 12 ವಾರಗಳಾದರೂ ಬೇಕು. ಹದಿನೈದು ದಿನ ಹಚ್ಚಿ ಬಿಟ್ಟು ‘ಔಷಧಿ ನಾಟಲಿಲ್ಲ’ ಎನ್ನುವವರೇ ಹೆಚ್ಚು. ಮುಖಕ್ಕೆ ಇದನ್ನು ಹಚ್ಚಬಾರದು. ಎರಡನೆಯ ವಿಧಾನ, ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗಿರುವ ದ್ರವ ಸಾರಜನಕದಿಂದ ನರಹುಲಿಯನ್ನು ಹೆಪ್ಪುಗಟ್ಟಿಸುವುದು. ಇದನ್ನು ಎರಡು ಮೂರು ವಾರಗಳಿಗೊಮ್ಮೆ ಹಲವು ಸಲ ಮಾಡಬೇಕಾಗುತ್ತದೆ. ಇವೆರಡಕ್ಕೂ ತಿಂಗಳುಗಟ್ಟಲೆ ಬಗ್ಗದೆ ಉಳಿದಾಗ ಲೇಸರ್‌ನ ಯೋಚನೆ ಮಾಡಬಹುದು.

ಲೇಸರ್ ಮಾಡುವುದೇನು?

ಹೆಚ್ಚಾಗಿ ಬಳಕೆಯಲ್ಲಿರುವುದು ಕಾರ್ಬನ್ ಡೈಆಕ್ಸೈಡ್ ಲೇಸರ್. ಭಾರತದಲ್ಲಿ ಹುಟ್ಟಿದ ವಿಜ್ಞಾನಿ ಕುಮಾರ್ ಪಟೇಲ್ 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಇದನ್ನು ರೂಪಿಸಿದರು. ಇದರ ಕಿರಣ ಕಣ್ಣಿಗೆ ಕಾಣದು. ಜೀವಕೋಶಗಳಲ್ಲಿರುವ ನೀರು ಅದನ್ನು ಹೀರಿಕೊಂಡು ಕ್ಷಣದಲ್ಲೇ ಆವಿಯಾಗುತ್ತದೆ. ನರಹುಲಿ ಪದರ ಪದರವಾಗಿ ಸವೆಯುತ್ತದೆ. ಜಾಗಕ್ಕೆ ಅರಿವಳಿಕೆ ಚುಚ್ಚುಮದ್ದು ಕೊಡುವುದರಿಂದ ಆಗ ನೋವಿರದು. ಆದರೆ ಹಸಿಗಾಯ ಉಳಿಯುತ್ತದೆ, ಅದು ಮಾಯಲು ಕೆಲವು ವಾರಗಳು ಬೇಕು.

ಇನ್ನೊಂದು ಡೈ ಲೇಸರ್. ನರಹುಲಿಯಲ್ಲಿ ಕಾಣುವ ಕಪ್ಪು ಚುಕ್ಕೆಗಳು ‘ಬೇರು’ಗಳಲ್ಲ, ರಕ್ತ ಹೆಪ್ಪುಗಟ್ಟಿದ ಸೂಕ್ಷ್ಮ ರಕ್ತನಾಳಗಳು. ಡೈ ಲೇಸರ್‌ನ ಬೆಳಕನ್ನು ರಕ್ತದ ಹಿಮೋಗ್ಲೋಬಿನ್ ಹೀರಿಕೊಳ್ಳುತ್ತದೆ. ಆಗ ನರಹುಲಿಯನ್ನು ಪೋಷಿಸುವ ರಕ್ತನಾಳಗಳು ಮುಚ್ಚಿಹೋಗುತ್ತವೆ. ಇದರಲ್ಲಿ ಗಾಯ ಕಡಿಮೆ, ಆದರೆ ಹಲವು ಸಲ ಮಾಡಿಸಿಕೊಳ್ಳಬೇಕು.

ಮಿತಿಗಳೂ ಇವೆ

ಲೇಸರ್ ಸುಡುವುದು ನರಹುಲಿಯನ್ನು ಮಾತ್ರ. ಸುತ್ತಲಿನ ಆರೋಗ್ಯವಂತವಾಗಿ ಕಾಣುವ ಚರ್ಮದಲ್ಲೂ ವೈರಸ್ ಅಡಗಿರಬಹುದು. ಹಾಗಾಗಿ ನರಹುಲಿ ಮರಳಿ ಬರುವುದುಂಟು. ನಮ್ಮಂಥ ಕಂದುಬಣ್ಣದ ಚರ್ಮದಲ್ಲಿ ಕಪ್ಪು ಅಥವಾ ಬಿಳಿ ಕಲೆ ಉಳಿಯಬಹುದು. ಅಂಗಾಲಿನಲ್ಲಿ ಆಳವಾಗಿ ಸುಟ್ಟರೆ ಆ ಗಾಯದ ಕಲೆಯೇ ನಡೆಯುವಾಗ ನೋಯಬಹುದು. ಉಗುರಿನ ಬುಡದಲ್ಲಿ ಕೈತಪ್ಪಿದರೆ ಉಗುರು ಶಾಶ್ವತವಾಗಿ ವಿಕಾರವಾಗಬಹುದು. ಸುಡುವಾಗ ಏಳುವ ಹೊಗೆಯಲ್ಲಿ ವೈರಸ್ ಅಂಶ ಇರಬಹುದಾದ್ದರಿಂದ ಹೊಗೆ ಹೀರುವ ಯಂತ್ರ, ಮುಖಗವಸು ಮತ್ತು ಕಣ್ಣಿನ ರಕ್ಷಣೆಗೆ ಕನ್ನಡಕ ಇರಲೇಬೇಕು.

ಒಪ್ಪುವ ಮೊದಲು ಚರ್ಮರೋಗ ತಜ್ಞರನ್ನು ಕೇಳಿ: ಇದು ನರಹುಲಿಯೇ, ಆಣಿಯೇ? ಯಾವ ಲೇಸರ್? ಎಷ್ಟು ಸಲ? ಕಲೆ ಉಳಿಯುವ ಸಂಭವವೆಷ್ಟು? ಮರಳಿ ಬಂದರೆ ಮುಂದೇನು? ಒಟ್ಟು ಖರ್ಚೆಷ್ಟು?

ಇವರು ತಡಮಾಡಬಾರದು

ಸಕ್ಕರೆ ಕಾಯಿಲೆ ಇರುವವರು ಕಾಲಿನ ನರಹುಲಿಯನ್ನು ಬ್ಲೇಡಿನಿಂದ ಕೊಯ್ಯುವುದಾಗಲಿ, ಆಮ್ಲದ ಲೇಪ ಹಚ್ಚುವುದಾಗಲಿ ತಾವಾಗಿಯೇ ಮಾಡಕೂಡದು. ಸ್ಪರ್ಶಜ್ಞಾನ ಕಡಿಮೆಯಾದ ಪಾದದಲ್ಲಿ ಸಣ್ಣ ಗಾಯವೂ ಕೊಳೆತು ಪಾದಕ್ಕೇ ಕುತ್ತು ತರಬಹುದು. ಊದುಬತ್ತಿಯಿಂದ ಸುಡುವುದು, ಸುಣ್ಣ ಹಚ್ಚುವುದು, ಕುದುರೆ ಬಾಲದ ಕೂದಲು ಬಿಗಿಯುವುದು ಯಾರಿಗೂ ಒಳ್ಳೆಯದಲ್ಲ. ಜನನಾಂಗದ ಬಳಿ ನರಹುಲಿ ಕಂಡರೆ ನಾಚಿಕೆಪಡದೆ ಸಂಗಾತಿಯೊಡನೆ ವೈದ್ಯರನ್ನು ಕಾಣಿ.

ವಯಸ್ಸಾದವರಲ್ಲಿ ಹೊಸದಾಗಿ ಎದ್ದ, ಬೇಗ ಬೆಳೆಯುವ, ರಕ್ತ ಒಸರುವ ಅಥವಾ ಹುಣ್ಣಾಗುವ ಗಂಟು ಚರ್ಮದ ಕ್ಯಾನ್ಸರ್ ಇರಬಹುದು. ಅದನ್ನು ನೇರವಾಗಿ ಲೇಸರ್‌ನಿಂದ ಸುಟ್ಟುಬಿಟ್ಟರೆ ಪರೀಕ್ಷಿಸಲು ಏನೂ ಉಳಿಯುವುದಿಲ್ಲ. ಮೊದಲು ಚೂರು ತೆಗೆದು ಬಯಾಪ್ಸಿ ಮಾಡಿಸಿ, ಚಿಕಿತ್ಸೆಯ ಮಾತು ಅನಂತರ. ಮನೆಯ ಹಿರಿಯರ ಕೈಕಾಲು, ಮುಖದ ಮೇಲೆ ಇಂಥ ಗಂಟು ಇದೆಯೇ ಎಂದು ಇಂದೇ ಒಮ್ಮೆ ನೋಡಿ.