ಕಲಿಯುವಾಗಲೇ ಕೈಗೆ ಕಾಸು: ಮಕ್ಕಳನ್ನು ಮರಗೆಲಸಕ್ಕೆ ಕಳಿಸುವ ಮುನ್ನ



ಎಸ್ಸೆಸ್ಸೆಲ್ಸಿ ಮುಗಿಸಿದ ಮಗನೋ ಮಗಳೋ "ಅಮ್ಮಾ, ನಾನು ಮರಗೆಲಸ ಕಲೀತೀನಿ" ಅಂದರೆ ಬಹಳ ಮನೆಗಳಲ್ಲಿ ಎರಡೇ ದಾರಿ ಕಾಣುತ್ತದೆ. ಊರಿನ ಆಚಾರರ ಜೊತೆ ಬಿಡುವುದು. ಅಲ್ಲಿ ಊಟ, ಬಸ್ ಚಾರ್ಜು ಸಿಕ್ಕರೆ ಸಿಕ್ಕಿತು. ಇಲ್ಲವೇ ಕಡಸು ಮಾರಿ ಯಾವುದಾದರೂ ಕೋರ್ಸಿಗೆ ಫೀಸು ಕಟ್ಟುವುದು. ಮೂರನೆಯ ದಾರಿಯೊಂದಿದೆ. ಅದಕ್ಕೆ ಕಾನೂನಿನ ಬೆಂಬಲವೂ ಇದೆ.

ನಮ್ಮ ಸೀಮೆಯದೇ ವಿದ್ಯೆ

ಸಾಗರ, ಸೊರಬದ ಗುಡಿಗಾರರ ಗಂಧದ ಕೆತ್ತನೆ ದೇಶಕ್ಕೆಲ್ಲ ಗೊತ್ತು. ಆ ಮನೆಗಳ ಹೆಂಗಸರೂ ಬೆಂಡಿನ ಬಾಸಿಂಗ ಮಾಡುತ್ತಾ ಬಂದವರು. ಹಾಗಾಗಿ ಉಳಿ ಹಿಡಿಯುವುದು ಗಂಡುಮಕ್ಕಳಿಗೆ ಮಾತ್ರ ಅನ್ನುವುದು ಬೇಡ. ಮಳೆಗಾಲದಲ್ಲಿ ನಿಮ್ಮ ಮನೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದಲ್ಲ, ಮರ ಎಷ್ಟು ಒಣಗಿದೆ, ಎಷ್ಟು ಎಡೆ ಬಿಡಬೇಕು ಎಂದು ಬಲ್ಲ ಕೆಲಸಗಾರರಿಗೆ ಮಲೆನಾಡಿನಲ್ಲಿ ಕೆಲಸಕ್ಕೆ ಬರವಿಲ್ಲ. ಆ ಅಂದಾಜು ಬರುವುದು ಕೈ ಪಳಗಿದ ಮೇಲೆಯೇ.

ಅಪ್ರೆಂಟಿಸ್ ಅಂದರೆ ಏನು?

1961ರ ಅಪ್ರೆಂಟಿಸ್ ಕಾಯ್ದೆಯಡಿ ಬರುವ ಕಸುಬುಗಳಲ್ಲಿ ಬಡಗಿ ಕೆಲಸವೂ ಒಂದು. ನೋಂದಾಯಿತ ಕಾರ್ಖಾನೆ ಅಥವಾ ಪೀಠೋಪಕರಣ ಘಟಕದಲ್ಲಿ ಕಲಿಯುವವರಿಗೆ ತಿಂಗಳ ಭತ್ಯೆ ಕೊಡಲೇಬೇಕು. 2019ರ ನಿಯಮದಂತೆ ಅದರ ಕನಿಷ್ಠ ಮೊತ್ತ ಹೀಗಿದೆ:

• 5ರಿಂದ 9ನೇ ತರಗತಿ ಓದಿದವರಿಗೆ 5,000 ರೂ.
• ಎಸ್ಸೆಸ್ಸೆಲ್ಸಿ ಪಾಸಾದವರಿಗೆ 6,000 ರೂ.
• ಪಿಯುಸಿ ಅಥವಾ ಐಟಿಐ ಪಾಸಾದವರಿಗೆ 7,000 ರೂ.

ಎರಡನೇ ವರ್ಷ ಇದು ಶೇ 10ರಷ್ಟು ಹೆಚ್ಚಬೇಕು. ಸೇರುವಾಗ ಈಗಿನ ದರ ಎಷ್ಟೆಂದು ಕೇಳಿಕೊಳ್ಳಿ.

ಸಹಿ ಹಾಕುವವರು ನೀವು

ಬಾಯಿಮಾತಿಗೆ ಒಪ್ಪಬೇಡಿ. ಲಿಖಿತ ಒಪ್ಪಂದ ಆಗಬೇಕು, ಅದು ನೋಂದಣಿಯಾಗಬೇಕು. ಮಗುವಿಗೆ 18 ತುಂಬಿಲ್ಲದಿದ್ದರೆ ಪೋಷಕರ ಸಹಿ ಬೇಕೇ ಬೇಕು. ಡೇರಿಯಲ್ಲಿ ಫ್ಯಾಟ್ ಎಷ್ಟು ಬಂತೆಂದು ನೋಡಿಯೇ ಚೀಟಿ ಒಳಗಿಡುವವರು ನೀವು. ಇಲ್ಲೂ ಹಾಗೆಯೇ ಮಾಡಿ. ಎಷ್ಟು ತಿಂಗಳು, ಎಷ್ಟು ಭತ್ಯೆ, ಯಾವ ಯಾವ ಕೆಲಸ ಕಲಿಸುತ್ತಾರೆ, ಉಳಿಯುವ ವ್ಯವಸ್ಥೆ ಎಲ್ಲಿ ಎಂದು ಓದಿಸಿ ಕೇಳಿ. ಹೆಣ್ಣುಮಕ್ಕಳಾದರೆ ಬಟ್ಟೆ ಬದಲಿಸುವ ಕೋಣೆ, ಶೌಚಾಲಯವನ್ನು ಒಮ್ಮೆ ಹೋಗಿ ನೋಡಿ ಬನ್ನಿ.

ಗರಗಸದ ಯಂತ್ರ ಆಟದ ಸಾಮಾನಲ್ಲ. ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಕೊಡುವ ಹೊಣೆ ಮಾಲೀಕರದು ಎಂದು ಕಾಯ್ದೆಯಲ್ಲೇ ಇದೆ. ಒಪ್ಪಂದವೇ ಇಲ್ಲದ ಕಡೆ ಅದನ್ನು ಕೇಳಿ ಪಡೆಯುವುದು ಕಷ್ಟ. ಇನ್ನೊಂದು ಮಾತು: ಒಪ್ಪಂದದಲ್ಲಿ ಬರೆದಿರದಿದ್ದರೆ, ತರಬೇತಿ ಮುಗಿದ ಮೇಲೆ ಅಲ್ಲೇ ಕೆಲಸ ಕೊಡಬೇಕೆಂಬ ಕಡ್ಡಾಯವಿಲ್ಲ. ಕೈಗೆ ಬರುವುದು ವಿದ್ಯೆ ಮತ್ತು ಪ್ರಮಾಣಪತ್ರ.

ಬೇರೆ ದಾರಿಗಳು

ಕೆತ್ತನೆಯತ್ತ ಒಲವಿದ್ದರೆ ಆಗುಂಬೆ ಘಾಟಿ ಇಳಿದು ಕಾರ್ಕಳಕ್ಕೆ ಹೋಗಬಹುದು. ಕೆನರಾ ಬ್ಯಾಂಕ್ ನೆರವಿನ ಸಿ.ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆಯಲ್ಲಿ ಊಟ, ವಸತಿಯೊಂದಿಗೆ ಉಚಿತವಾಗಿ ಮರದ ಕೆತ್ತನೆ ಕಲಿಸುತ್ತಾರೆ.

ಮನೆಯಲ್ಲಿ ಈಗಾಗಲೇ ಬಡಗಿ ಕೆಲಸ ಮಾಡುವವರಿದ್ದರೆ 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆ ಇದೆ. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂ., ಹತ್ಯಾರುಗಳಿಗೆ 15,000 ರೂ., ಮೊದಲ ಹಂತದಲ್ಲಿ ಶೇ 5ರ ಬಡ್ಡಿಗೆ 1 ಲಕ್ಷದವರೆಗೆ ಸಾಲ. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ.

ಈ ವಾರವೇ ಮಾಡಿ

ಹತ್ತಿರದ ಸರ್ಕಾರಿ ಐಟಿಐಗೆ ಹೋಗಿ ಅಪ್ರೆಂಟಿಸ್ ವಿಚಾರ ಕೇಳಿ. ಮಗುವಿನ ಆಧಾರ್, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ. ಖಾತೆ ಮಗುವಿನ ಹೆಸರಿನಲ್ಲೇ ಇರಬೇಕು, ಸರ್ಕಾರದ ಪಾಲಿನ ಭತ್ಯೆ ನೇರ ಅದಕ್ಕೇ ಬರುತ್ತದೆ. ಅಷ್ಟಾಗುವವರೆಗೆ ಕೊಟ್ಟಿಗೆಯ ಕಡಸು ಕೊಟ್ಟಿಗೆಯಲ್ಲೇ ಇರಲಿ.