ಕಂಪ್ಯೂಟರ್ ಕೋರ್ಸುಗಳು: 33ರಿಂದ 28ಕ್ಕೆ, 23ರಿಂದ 8ಕ್ಕೆ

ವಿಶ್ವವಿದ್ಯಾಲಯದ ಮೊದಲ ಪ್ರೋಗ್ರಾಮಿಂಗ್ ಕೋರ್ಸಿಗೆ ಸೇರಿದವರಲ್ಲಿ ಶೇ 33ರಷ್ಟು ಮಂದಿ ತೇರ್ಗಡೆಯಾಗುತ್ತಿರಲಿಲ್ಲ. ಡೆನ್ಮಾರ್ಕಿನ ಬೆನೆಡ್ಸೆನ್ ಮತ್ತು ಕ್ಯಾಸ್ಪರ್ಸನ್ 63 ಸಂಸ್ಥೆಗಳಿಂದ ಉತ್ತರ ತರಿಸಿಕೊಂಡು 2007ರಲ್ಲಿ ಕೊಟ್ಟ ಲೆಕ್ಕ ಇದು. 2014ರಲ್ಲಿ ಬ್ರಿಟನ್ನಿನ ಡರ್ಹಮ್ ವಿಶ್ವವಿದ್ಯಾಲಯದ ವಾಟ್ಸನ್ ಮತ್ತು ಲಿ 15 ದೇಶಗಳ 161 ಕೋರ್ಸುಗಳ ಫಲಿತಾಂಶ ಕೂಡಿಸಿ ನೋಡಿದಾಗ ತೇರ್ಗಡೆಯ ಪ್ರಮಾಣ ಶೇ 67.7. ಹಾದಿ ಬೇರೆಯಾದರೂ ಸಿಕ್ಕ ಉತ್ತರ ಹೆಚ್ಚುಕಡಿಮೆ ಒಂದೇ.

ಡೆನ್ಮಾರ್ಕಿನವರು 2019ರಲ್ಲಿ ಮತ್ತೆ ಎಣಿಸಿದರು. ಅನುತ್ತೀರ್ಣರು ಶೇ 28. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ರೂಢಿಯಲ್ಲಿರುವ 60 ಜನರ ಸೆಕ್ಷನ್ನಿಗೆ ಇಳಿಸಿ ಹೇಳುವುದಾದರೆ, ಉಳಿದುಹೋಗುವವರು 20ರಿಂದ 17ಕ್ಕೆ ಇಳಿದರು. 12 ವರ್ಷಕ್ಕೆ ಮೂವರು.

ಪ್ರೋಗ್ರಾಮಿಂಗ್ ಎಲ್ಲರಿಗೂ ಒಲಿಯುವುದಿಲ್ಲ ಎಂಬ ಮಾತಿಗೆ ಈ ಅಂಕಿಗಳನ್ನೇ ಆಧಾರವಾಗಿ ತೋರಿಸುವುದುಂಟು. ಅದೇ 2019ರ ಇನ್ನೊಂದು ಅಧ್ಯಯನ ವಿಜ್ಞಾನ, ಗಣಿತ, ಎಂಜಿನಿಯರಿಂಗ್‌ನ ಆರಂಭಿಕ ಕೋರ್ಸುಗಳನ್ನೂ ಪಕ್ಕದಲ್ಲಿಟ್ಟು ನೋಡಿತು. ಪ್ರೋಗ್ರಾಮಿಂಗ್‌ನಲ್ಲಿ ತೇರ್ಗಡೆ ಶೇ 75. ಉಳಿದ ವಿಷಯಗಳ ವ್ಯಾಪ್ತಿಯಲ್ಲಿ ಇದು ಕೆಳತುದಿಗೆ ಬೀಳುತ್ತದೆ, ಆದರೆ ಅದರಿಂದಾಚೆಗಲ್ಲ.

ತೇರ್ಗಡೆಯಾದ ಮಾತ್ರಕ್ಕೆ ಕೈಗೆ ಬಂತೆಂದೂ ಅಲ್ಲ. 2001ರಲ್ಲಿ ಮೆಕ್ರಾಕೆನ್ ಮತ್ತು ಸಂಗಡಿಗರು ನಾಲ್ಕು ವಿಶ್ವವಿದ್ಯಾಲಯಗಳಲ್ಲಿ ಆರಂಭಿಕ ಕೋರ್ಸುಗಳ ಕೊನೆಯ ಹಂತದಲ್ಲಿದ್ದ 216 ವಿದ್ಯಾರ್ಥಿಗಳಿಗೆ ಕ್ಯಾಲ್ಕುಲೇಟರ್‌ನಂಥ ಪ್ರೋಗ್ರಾಂ ಬರೆಯಲು ಕೊಟ್ಟರು. 110 ಅಂಕಕ್ಕೆ ಬಂದ ಸರಾಸರಿ 22.89, ಅಂದರೆ ಶೇ 21ರ ಆಸುಪಾಸು.

ಹೆಚ್ಚು ಕದಲಿದ ಅಂಕಿ ಸಿಗುವುದು ಅಮೆರಿಕದ ಸ್ಯಾನ್ ಡಿಯೇಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಕಂಪ್ಯೂಟರ್ ವಿಜ್ಞಾನದ ನಾಲ್ಕು ಕೋರ್ಸುಗಳಿಗೆ ‘ಪೀರ್ ಇನ್‌ಸ್ಟ್ರಕ್ಷನ್’ ತಂದರು. ಶಿಕ್ಷಕರು ಬಹು ಆಯ್ಕೆಯ ಪ್ರಶ್ನೆ ಹಾಕುತ್ತಾರೆ. ಪ್ರತಿಯೊಬ್ಬರೂ ಮೊದಲು ಒಬ್ಬರೇ ಉತ್ತರಿಸಿ, ಅಕ್ಕಪಕ್ಕದವರ ಜತೆ ಚರ್ಚಿಸಿ, ಮತ್ತೊಮ್ಮೆ ಉತ್ತರಿಸುತ್ತಾರೆ. ಆಮೇಲೆ ಇಡೀ ತರಗತಿಯ ಚರ್ಚೆ. 10 ವರ್ಷಗಳ, 10,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಅನುತ್ತೀರ್ಣರ ಪ್ರಮಾಣ ಶೇ 20ರಿಂದ 7ಕ್ಕೆ ಇಳಿದಿತ್ತು. ವರದಿ ಇದನ್ನು ಶೇ 61ರ ಇಳಿಕೆ ಎನ್ನುತ್ತದೆ. ಕೈಲೆಕ್ಕ ಮಾಡಿದವರಿಗೆ 65 ಬರುತ್ತದೆ. 61 ಎಂಬುದು ಒಂದೊಂದು ಕೋರ್ಸಿನ ಇಳಿಕೆಯನ್ನು ಬೇರೆಬೇರೆಯಾಗಿ ತೆಗೆದು ಕಂಡ ಸರಾಸರಿ.

ಇದು ಚೀಟಿ ಎತ್ತಿ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿದ ಪ್ರಯೋಗವಲ್ಲ. ಹೊಸ ವಿಧಾನಕ್ಕೆ ಒಳ್ಳೆಯ ಶಿಕ್ಷಕರೇ ಮುಂದೆ ಬಂದಿರಬಹುದು ಎಂಬ ಅನುಮಾನ ಸಹಜ. ಅದಕ್ಕಾಗಿ ಒಬ್ಬರೇ ಶಿಕ್ಷಕರು ಒಂದೇ ಕೋರ್ಸನ್ನು ಎರಡೂ ರೀತಿಯಲ್ಲಿ ಕಲಿಸಿದ ತರಗತಿಗಳನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿದರು. ಅನುತ್ತೀರ್ಣರು ಬರಿಯ ಉಪನ್ಯಾಸದಲ್ಲಿ ಶೇ 23, ಪೀರ್ ಇನ್‌ಸ್ಟ್ರಕ್ಷನ್‌ನಲ್ಲಿ ಶೇ 8. ಅರವತ್ತರ ಸೆಕ್ಷನ್ನಿನಲ್ಲಿ ಅದು 14 ಮತ್ತು 5.